ಟಿವಿಯನ್ನು ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ಹಾಕಬೇಕು?

ಸೋಫಾದಲ್ಲಿ ಕೂತಾಗ ನಿಮ್ಮ ಕಣ್ಣು ಎಷ್ಟು ಎತ್ತರಕ್ಕೆ ಬರುತ್ತದೋ, ಪರದೆಯ ನಡುಭಾಗ ಅಲ್ಲಿಗೆ ಬರಬೇಕು. ಸಾಮಾನ್ಯವಾಗಿ ಅದು ನೆಲದಿಂದ 100-110 ಸೆಂ.ಮೀ. 55 ಇಂಚಿನ ಟಿವಿಯ ಎತ್ತರ ಸುಮಾರು 70 ಸೆಂ.ಮೀ. ಅಂದರೆ ಅದರ ಕೆಳಗಿನ ಅಂಚು ನೆಲದಿಂದ 65-75 ಸೆಂ.ಮೀ. ಮೇಲಿದ್ದರೆ ಸಾಕು. ನಿಂತು ನೋಡಿದರೆ ಇದು ತೀರಾ ಕೆಳಗಾಯಿತು ಅನ್ನಿಸುತ್ತದೆ. ಆದರೆ ಟಿವಿ ನೋಡುವುದು ಕೂತುಕೊಂಡೇ ಅಲ್ವಾ?

ಜಾಸ್ತಿ ಮೇಲಿದ್ದರೆ ತಲೆ ಹಿಂದಕ್ಕೆ ವಾಲುತ್ತದೆ. ಅದನ್ನು ಹಾಗೇ ಹಿಡಿದಿಡಲು ಕತ್ತಿನ ಸ್ನಾಯುಗಳು ಸಿನಿಮಾ ಮುಗಿಯುವವರೆಗೂ ಬಿಗಿದುಕೊಂಡೇ ಇರುತ್ತವೆ, ನೋವು ಬರುವುದು ಅದಕ್ಕೇ. ಮೇಲೆ ನೋಡುವಾಗ ರೆಪ್ಪೆ ಹೆಚ್ಚು ತೆರೆದಿರುವುದರಿಂದ ಕಣ್ಣೂ ಬೇಗ ಒಣಗುತ್ತದೆ.

ಗೋಡೆ ಕೊರೆಯುವ ಮೊದಲು ಟಿವಿ ಅಳತೆಯ ರಟ್ಟೊಂದನ್ನು ಅಂಟಿಸಿ, ದಯವಿಟ್ಟು ಕೂತು ನೋಡಿ.