ಪ್ರಶ್ನೆ ಕೇಳಿದರೆ ಅದೇ ಐದಾರು ಕೈ ಏಳುವುದಕ್ಕೆ

ಟೀಚರೇ, ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಯಾವಾಗಲೂ ಅದೇ ಐದಾರು ಮಕ್ಕಳು ಕೈ ಎತ್ತುತ್ತಾರೆ, ಹಿಂದಿನ ಬೆಂಚಿನವರಿಗೆ ಆಸಕ್ತಿಯೇ ಇಲ್ಲ ಅಂತ ಬರೆದಿದ್ದೀರಿ. ಬಹುಶಃ ನೀವು ಕಾಯುವ ಸಮಯವೇ ಸಾಲುತ್ತಿಲ್ಲ. ಪ್ರಶ್ನೆ ಮುಗಿದ ಒಂದೇ ಸೆಕೆಂಡಿಗೆ ಕೈ ಎತ್ತಿದವರಿಗೆ ಅವಕಾಶ ಹೋದರೆ ಉಳಿದವರು ಯೋಚಿಸುವುದನ್ನೇ ಬಿಡುತ್ತಾರೆ. ನಾಳೆಯಿಂದ ಕೈ ಎತ್ತುವುದು ಬೇಡ ಅನ್ನಿ. ಪ್ರಶ್ನೆ ಕೇಳಿ ಮನಸ್ಸಲ್ಲೇ 5ರವರೆಗೆ ಎಣಿಸಿ (ಮೊದಮೊದಲು ಈ ಮೌನ ಹಿಂಸೆ, ನಡುವೆ ಬಾಯಿ ಹಾಕಬೇಡಿ). ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಲು ಬಿಟ್ಟು, ಆಮೇಲೆ ಎಲ್ಲ ಮಕ್ಕಳ ಹೆಸರಿನ ಚೀಟಿ ಹಾಕಿಟ್ಟ ಡಬ್ಬಿಯಿಂದ ಒಂದು ಚೀಟಿ ಎತ್ತಿ, ಆ ಹೆಸರಿನವರನ್ನು ಕೇಳಿ. ಪ್ರಶ್ನೆಗಿಂತ ಮೊದಲೇ ಹೆಸರು ಕರೆದರೆ ಮಿಕ್ಕವರೆಲ್ಲ ನಿರಾಳ! ಎತ್ತಿದ ಚೀಟಿ ಡಬ್ಬಿಗೇ ವಾಪಸ್ ಹೋಗಲಿ. "ಗೊತ್ತಿಲ್ಲ" ಅಂದರೆ ಇನ್ನೊಬ್ಬರ ಉತ್ತರ ಕೇಳಿಸಿ, ಮತ್ತೆ ಅದೇ ಮಗುವಿನ ಬಾಯಲ್ಲಿ ಅದರದೇ ಮಾತಲ್ಲಿ ಹೇಳಿಸಿ. ಎರಡು ವಾರವಾದರೂ ತುಟಿ ಬಿಚ್ಚದ ಮಗುವಿಗೆ ಬೋರ್ಡು ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ, ಓದಲು ಬರುತ್ತದೆಯೇ ಅಂತ ಬೇರೆಯಾಗಿ ಕೂರಿಸಿ ನೋಡಿ.