ಸ್ವಾನ್ಸಿಯ ಮೈದಾನ ಒಂದೇ ಆಟದ್ದಲ್ಲ

"ಹೋದ ಸಂಚಿಕೆಯಲ್ಲಿ ವೇಲ್ಸ್‌ನ ಸ್ವಾನ್ಸಿಯ ಸೇಂಟ್ ಹೆಲೆನ್ಸ್ ಮೈದಾನದ ಬಗ್ಗೆ ಓದಿದೆ. ವೆಸ್ಟ್ ಇಂಡೀಸ್‌ನ ಕ್ರಿಕೆಟಿಗ ಸೋಬರ್ಸ್ ಆರು ಸಿಕ್ಸರ್ ಹೊಡೆದದ್ದು ಬಿಟ್ಟರೆ ಅಲ್ಲೇನಿದೆ? ಅದನ್ನು ರಗ್ಬಿಗೇ ಬಿಟ್ಟುಕೊಡುವ ಯೋಜನೆ ಸರಿಯಾಗೇ ಇದೆ. ಒಂದು ಸ್ಟೇಡಿಯಂಗೆ ಒಂದು ಆಟ ಸಾಕು. ನಿಮಗೇಕೆ ಇಷ್ಟು ಮರುಕ?"
– ಓದುಗರೊಬ್ಬರು, ಕುಂದಾಪುರ

ಸಂಪಾದಕರ ಉತ್ತರ:

ನಿಮ್ಮ ಮಾತು ಒಪ್ಪಲಾರೆ, ಆದರೆ ಪತ್ರ ಓದಿ ಖುಷಿಯಾಯಿತು. ಅಷ್ಟು ದೂರದ ಮೈದಾನದ ಬಗ್ಗೆ ಕುಂದಾಪುರದಲ್ಲಿ ಕೂತು ಯೋಚಿಸುವ ಓದುಗರು ಸಿಗುವುದು ಪತ್ರಿಕೆಯ ಪುಣ್ಯ.

ನಿಮ್ಮ ಕಡೆಯೂ ಸ್ವಲ್ಪ ನ್ಯಾಯವಿದೆ. ಸ್ವಾನ್ಸಿಯ ಓಸ್ಪ್ರೀಸ್ ರಗ್ಬಿ ತಂಡ 2005ರಿಂದ ಅಲ್ಲಿನ ಫುಟ್‌ಬಾಲ್ ತಂಡದ ಜೊತೆ ಒಂದು ದೊಡ್ಡ ಸ್ಟೇಡಿಯಂ ಹಂಚಿಕೊಂಡಿತ್ತು. ಸುಮಾರು 21,000 ಸೀಟು ಅವರಿಗೆ ಜಾಸ್ತಿಯೇ ಆಯಿತು. ಸ್ವಂತ ಜಾಗ ಬೇಕು ಎಂದು 2024ರಲ್ಲಿ ಸೇಂಟ್ ಹೆಲೆನ್ಸ್ ಆರಿಸಿಕೊಂಡರು. ಅಲ್ಲಿ ಕೌಂಟಿ ಕ್ರಿಕೆಟ್ (ಇಂಗ್ಲೆಂಡ್, ವೇಲ್ಸ್‌ನ ಪ್ರಾಂತ್ಯ ತಂಡಗಳ ಆಟ) ಕಮ್ಮಿಯಾಗುತ್ತಾ ಬಂದಿತ್ತು, ಅದೂ ನಿಜ.

ಆದರೆ "ಅಲ್ಲೇನಿದೆ" ಎಂದು ಕೇಳಿದಿರಲ್ಲ, ಅದು ಮನಸ್ಸಿಗೆ ಚುಚ್ಚಿತು.

1870ರ ದಶಕದಲ್ಲಿ ಕಡಲತೀರದ ಮರಳು ದಿಬ್ಬಗಳನ್ನು ಸಮ ಮಾಡಿ ಈ ಮೈದಾನ ಮಾಡಿದರು. ಬೇಸಿಗೆಯಲ್ಲಿ ಕ್ರಿಕೆಟ್, ಚಳಿಗಾಲದಲ್ಲಿ ರಗ್ಬಿ. ವೇಲ್ಸ್ ರಗ್ಬಿ ತಂಡ ತನ್ನ ನೆಲದಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ಇಲ್ಲೇ, 1882ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡ್ ವಿರುದ್ಧ. 1954ರವರೆಗೂ ದೇಶದ ತಂಡ ಇಲ್ಲಿಗೆ ನಿಯಮಿತವಾಗಿ ಬರುತ್ತಿತ್ತು.

1935ರಲ್ಲಿ ಸ್ವಾನ್ಸಿ ಕ್ಲಬ್ ನ್ಯೂಜಿಲೆಂಡನ್ನು 11–3ರಿಂದ ಸೋಲಿಸಿತು. ಅದಕ್ಕೂ ಮೊದಲು ಯಾವ ಕ್ಲಬ್ಬಿಗೂ ಅದು ಆಗಿರಲಿಲ್ಲ. ಆಟ ಗೆದ್ದುಕೊಟ್ಟವರು ಹೇಡನ್ ಟ್ಯಾನರ್, ವಿಲ್ಲಿ ಡೇವಿಸ್. ಇಬ್ಬರೂ ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗರು! ಸೋತೆವೆಂದು ಊರಿಗೆ ಹೇಳಿ, ಆದರೆ ಶಾಲೆ ಹುಡುಗರ ಕೈಲಿ ಸೋತೆವೆಂದು ಮಾತ್ರ ಹೇಳಬೇಡಿ ಎಂದು ನ್ಯೂಜಿಲೆಂಡ್ ನಾಯಕ ಜ್ಯಾಕ್ ಮ್ಯಾಂಚೆಸ್ಟರ್ ಕೇಳಿಕೊಂಡರಂತೆ.

ಕ್ರಿಕೆಟ್‌ಗೆ ಬನ್ನಿ. 1951ರಲ್ಲಿ ವೇಲ್ಸ್‌ನ ಕೌಂಟಿ ತಂಡ ಗ್ಲಮಾರ್ಗನ್ ಎದುರು ದಕ್ಷಿಣ ಆಫ್ರಿಕಾ ವಿಕೆಟ್ ಕಳೆದುಕೊಳ್ಳದೆ 54 ಮಾಡಿತ್ತು, ನೋಡನೋಡುತ್ತಾ 83ಕ್ಕೆ ಆಲೌಟ್. 1964ರಲ್ಲಿ ಇದೇ ಮೈದಾನದಲ್ಲಿ ಆಸ್ಟ್ರೇಲಿಯಾ ಗ್ಲಮಾರ್ಗನ್‌ಗೆ ಸೋತಿತು. 1968ರ ಆಗಸ್ಟ್‌ನಲ್ಲಿ ಮತ್ತೆ ಸೋತಿತು. ಅದೇ ತಿಂಗಳ 31ರಂದು ನಾಟಿಂಗ್‌ಹ್ಯಾಮ್‌ಶೈರ್ ನಾಯಕ ಸೋಬರ್ಸ್, ಗ್ಲಮಾರ್ಗನ್‌ನ ಮಾಲ್ಕಮ್ ನ್ಯಾಶ್‌ರ ಓವರಿನಲ್ಲಿ ಆರಕ್ಕೆ ಆರೂ ಸಿಕ್ಸರ್ ಹೊಡೆದರು. ಐದನೇ ಚೆಂಡನ್ನು ರೋಜರ್ ಡೇವಿಸ್ ಹಿಡಿದೇಬಿಟ್ಟಿದ್ದರು. ಹಿಡಿದವರು ಬೌಂಡರಿಯ ಆಚೆ ಬಿದ್ದರು. ಆರನೆಯದು ಬೀದಿಗೆ ಹೋಯಿತು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಇದನ್ನು ಮತ್ತೆ ಮಾಡಿ ತೋರಿಸಿದವರು ಯಾರು ಗೊತ್ತಾ? ನಿಮ್ಮ ಕರಾವಳಿಯ ಮಂಗಳೂರು ಮೂಲದ ರವಿ ಶಾಸ್ತ್ರಿ, 1985ರಲ್ಲಿ ಮುಂಬೈಯಲ್ಲಿ. ಆಮೇಲೆ ಅವರು ಹೋಗಿ ಆಡಿದ್ದು ಇದೇ ಗ್ಲಮಾರ್ಗನ್ ತಂಡಕ್ಕೆ!

ಆ ಆರು ಸಿಕ್ಸರುಗಳಿಗೆ ಟಿವಿಯಲ್ಲಿ ಕಾಮೆಂಟರಿ ಹೇಳಿದವರು ವಿಲ್ಫ್ ವೂಲರ್. 1948ರಲ್ಲಿ ಗ್ಲಮಾರ್ಗನ್‌ಗೆ ಮೊದಲ ಕೌಂಟಿ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ ನಾಯಕ. ಅದಕ್ಕೂ ಮುಂಚೆ ವೇಲ್ಸ್‌ನ ರಗ್ಬಿ ಆಟಗಾರ. ಎರಡು ಆಟಕ್ಕೂ ಒಂದೇ ಬೇಲಿ ಇರುವ ಊರಿನಲ್ಲಿ ಇಂಥವರು ಬೆಳೆಯುತ್ತಾರೆ. ಬೇಸಿಗೆಯಲ್ಲಿ ಬ್ಯಾಟು ನೋಡಲು ಬಂದ ಹುಡುಗ ಚಳಿಗಾಲದಲ್ಲಿ ಅಲ್ಲೇ ರಗ್ಬಿ ನೋಡುತ್ತಾನೆ. ತನಗೆ ಯಾವುದು ಒಗ್ಗುತ್ತದೆ ಎಂದು ತಾನೇ ಆರಿಸಿಕೊಳ್ಳುತ್ತಾನೆ. ಒಂದು ಸ್ಟೇಡಿಯಂಗೆ ಒಂದು ಆಟ ಎಂದರೆ ಆ ಆಯ್ಕೆಯನ್ನು ಮೊದಲೇ ದೊಡ್ಡವರು ಮಾಡಿಟ್ಟಂತೆ. ಸೇಂಟ್ ಹೆಲೆನ್ಸ್ ನಗರಸಭೆಯ ಸ್ವತ್ತು, ಅಂದರೆ ಊರಿನದು. ರಗ್ಬಿಯವರು ಬರಲಿ, ಸ್ಟ್ಯಾಂಡ್ ಕಟ್ಟಲಿ. ಅದಕ್ಕಾಗಿ ಕ್ರಿಕೆಟಿಗರು ಗಂಟುಮೂಟೆ ಕಟ್ಟಬೇಕು ಅನ್ನೋದು ನನಗೆ ಸುತಾರಾಂ ಒಪ್ಪಿಗೆಯಿಲ್ಲ.

ನಮ್ಮಲ್ಲೂ ಇದೇ ಕಥೆ ಅಲ್ವಾ? ಮೊದಲು ಊರ ಮೈದಾನದಲ್ಲಿ ಒಂದು ಮೂಲೆಗೆ ಕಬಡ್ಡಿ, ಇನ್ನೊಂದು ಮೂಲೆಗೆ ವಾಲಿಬಾಲ್, ನಡುವೆ ಕ್ರಿಕೆಟ್. ಈಗ ಸುತ್ತ ಬೇಲಿ, ಗೇಟಿಗೆ ಬೀಗ, ಒಳಗೆ ಹೋಗಲು ಶುಲ್ಕ. ವರ್ಷಕ್ಕೆರಡು ಸಲ ವಸ್ತುಪ್ರದರ್ಶನಕ್ಕೆ ಗುಂಡಿ ತೋಡುತ್ತಾರೆ, ಆಮೇಲೆ ಮುಚ್ಚುವವರಿಲ್ಲ. ಮಕ್ಕಳು ರಸ್ತೆಯಲ್ಲಿ ಆಡಿದರೆ ಬೈಗುಳ, ಮೊಬೈಲ್ ಹಿಡಿದು ಕೂತರೂ ಬೈಗುಳ. ಅವರು ಹೋಗುವುದಾದರೂ ಎಲ್ಲಿಗೆ?

ನೀವು ಕಡಲೂರಿನವರು. ನಿಮ್ಮೂರ ಮೈದಾನದಲ್ಲಿ ಹಿಂದೆ ಯಾವ್ಯಾವ ಆಟ ನಡೆಯುತ್ತಿತ್ತು, ಈಗ ಯಾವುದು ಉಳಿದಿದೆ ಎಂದು ಹಿರಿಯರನ್ನು ಕೇಳಿ ಬರೆದು ಕಳಿಸಿ. ಹಳೆಯ ಫೋಟೊ ಇದ್ದರೆ ಜೊತೆಗಿಡಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೊಂದು ಪುಟ ತೆಗೆದಿಡುತ್ತೇನೆ.