ಸ್ಕೇಟಿಂಗ್ ಲೇಖನವನ್ನು ಮರಳಿಸುತ್ತ

ಗದುಗಿನ ಮಿತ್ರರಿಗೆ, ಧಾರವಾಡದಿಂದ ನಮಸ್ಕಾರಗಳು.

ಮಂಜುಗಡ್ಡೆಯ ಮೇಲೆ ಜಾರುತ್ತ ಜಿಗಿಯುವ ಜಪಾನಿನ ಫಿಗರ್ ಸ್ಕೇಟರ್ ಯುಜುರು ಹನ್ಯು ಅವರ ಕ್ರೀಡಾಜೀವನ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾರೆ. ಎಂಟು ಪುಟಗಳಲ್ಲಿ ಆರು ಪುಟ ಪದಕಗಳ ಪಟ್ಟಿಗೇ ಹೋಗಿವೆ. ಅವುಗಳನ್ನು ಗೆದ್ದ ಮನುಷ್ಯ ಉಳಿದೆರಡು ಪುಟಗಳಲ್ಲೂ ಸರಿಯಾಗಿ ಕಾಣಿಸುವುದಿಲ್ಲ.

ಮೊದಲು ಒಂದು ತಪ್ಪನ್ನು ತಿದ್ದಬೇಕು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕು ಸುತ್ತಿನ ಆಕ್ಸೆಲ್ ಜಿಗಿತವನ್ನು ಸಾಧಿಸಿದರೆಂದು ಬರೆದಿದ್ದೀರಿ. ಅಲ್ಲಿ ಅವರು ಬಿದ್ದರು, ಸುತ್ತೂ ಪೂರ್ತಿಯಾಗಿರಲಿಲ್ಲ, ಒಟ್ಟಾರೆ ನಾಲ್ಕನೆಯವರಾದರು. ಸ್ಪರ್ಧೆಯಲ್ಲಿ ಅದನ್ನು ಮೊದಲು ಸಾಧಿಸಿದವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಇಲಿಯಾ ಮಾಲಿನಿನ್. ಮುಂದಕ್ಕೆ ಮುಖ ಮಾಡಿ ಹಾರಿ ಹಿಮ್ಮುಖವಾಗಿ ಇಳಿಯುವ ಜಿಗಿತವಾದ್ದರಿಂದ ಅದು ವಾಸ್ತವದಲ್ಲಿ ನಾಲ್ಕೂವರೆ ಸುತ್ತು. ಎರಡು ಒಲಿಂಪಿಕ್ ಚಿನ್ನ ಕೈಯಲ್ಲಿದ್ದವರು, ಇಪ್ಪತ್ತೇಳರ ವಯಸ್ಸಿನಲ್ಲಿ, ಅಂಥ ಜಿಗಿತವನ್ನು ಒಲಿಂಪಿಕ್ ಕಣದಲ್ಲೇ ಏಕೆ ಪ್ರಯತ್ನಿಸಿದರು ಎಂದು ಓದುಗ ಕೇಳಬೇಕು. ಗೆಲುವೆಂದು ಬರೆದು ನೀವು ಆ ಪ್ರಶ್ನೆಯನ್ನೇ ಅಳಿಸಿಬಿಟ್ಟಿದ್ದೀರಿ.

2014ರ ಸೋಚಿ ಒಲಿಂಪಿಕ್ಸನ್ನು ಒಂದೇ ವಾಕ್ಯದಲ್ಲಿ ದಾಟಿರುವುದು ಇನ್ನೂ ದೊಡ್ಡ ನಷ್ಟ. ಸ್ಪರ್ಧೆಯ ಮೊದಲ, ಚಿಕ್ಕ ಭಾಗವಾದ ಶಾರ್ಟ್ ಪ್ರೋಗ್ರಾಂನಲ್ಲಿ 101.45 ಅಂಕ ಪಡೆದು, ನೂರರ ಗಡಿ ದಾಟಿದ ಮೊದಲಿಗರಾದ ಹನ್ಯು, ಎರಡನೆಯ, ದೀರ್ಘ ಭಾಗವಾದ ಫ್ರೀ ಸ್ಕೇಟಿಂಗ್‌ನಲ್ಲಿ ಎರಡು ಸಲ ಬಿದ್ದೂ ಚಿನ್ನ ಗೆದ್ದರು. ಬಿದ್ದವರು ಗೆಲ್ಲುವುದು ಹೇಗೆಂದು ರೋಣದ ಓದುಗನಿಗೂ ಸವಣೂರಿನ ಓದುಗನಿಗೂ ನೀವು ಹೇಳಲೇಬೇಕು. ಗಾಳಿಯಲ್ಲಿ ಸುತ್ತು ಪೂರ್ತಿಯಾಗಿದ್ದರೆ ಬಿದ್ದರೂ ಜಿಗಿತದ ಮೂಲ ಅಂಕ ಉಳಿಯುತ್ತದೆ. ಗುಣಮಟ್ಟದ ಲೆಕ್ಕದಲ್ಲಿ ಅಂಕ ಕಳೆದು, ಬಿದ್ದದ್ದಕ್ಕೆ ಪ್ರತ್ಯೇಕವಾಗಿ ಇನ್ನೊಂದು ಅಂಕ ಕಳೆಯುತ್ತಾರೆ. ಪ್ರತಿಸ್ಪರ್ಧಿ, ಕೆನಡಾದ ಪ್ಯಾಟ್ರಿಕ್ ಚಾನ್ ಅವರೂ ಅಂದು ತಪ್ಪುಗಳನ್ನು ಮಾಡಿದ್ದರು. ಇದನ್ನು ಬಿಡಿಸಿ ಹೇಳಿದರೆ ‘ಮಂಜುಗಡ್ಡೆಯ ರಾಜಕುಮಾರ’ ಎಂಬ ವಿಶೇಷಣವನ್ನು ನೀವು ಹನ್ನೊಂದು ಸಲ ಬಳಸುವ ಅಗತ್ಯವೇ ಬೀಳುವುದಿಲ್ಲ.

ನಿಮ್ಮ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಐದನೆಯ ಪುಟ. 2011ರ ಮಾರ್ಚ್ 11ರಂದು ಜಪಾನಿನ ಸೆಂಡೈ ನಗರದ ರಿಂಕ್‌ನಲ್ಲಿ, ಅಂದರೆ ಮಂಜುಗಡ್ಡೆಯ ಅಂಗಳದಲ್ಲಿ, ಅಭ್ಯಾಸ ನಡೆದಿರುವಾಗಲೇ ಭೂಮಿ ನಡುಗಿತು; ಹದಿನಾರರ ಹುಡುಗ ಕಾಲಲ್ಲಿ ಸ್ಕೇಟ್ ಇದ್ದಂತೆಯೇ ಹೊರಗೆ ಓಡಿದ. ಲೇಖನ ಅಲ್ಲಿಂದಲೇ ಆರಂಭವಾಗಲಿ. ಆಶ್ರಯ ಕೇಂದ್ರದಲ್ಲಿ ಕಳೆದ ದಿನಗಳು, ರಿಂಕ್ ಮುಚ್ಚಿದಾಗ ಐಸ್ ಶೋಗಳಲ್ಲೇ ಅಭ್ಯಾಸಕ್ಕೆ ದಾರಿ ಕಂಡುಕೊಂಡದ್ದು, ಇವು ಬೆನ್ನಿಗೇ ಬರಲಿ.

ಇನ್ನೊಂದು ಮಾತು. ಮಗಳನ್ನು ವಾರಕ್ಕೆರಡು ದಿನ ರೈಲಿನಲ್ಲಿ ಹುಬ್ಬಳ್ಳಿಗೆ ರೋಲರ್ ಸ್ಕೇಟಿಂಗ್ ಕಲಿಯಲು ಕರೆದೊಯ್ಯುತ್ತೇನೆಂದು ಲೇಖನದ ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ. ಅದು ಲೇಖನದಲ್ಲಿ ಏಕಿಲ್ಲ? ಮಂಜಿನ ಅಂಗಳವನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕಂಡಿಲ್ಲ. ಮಗು ಬಿದ್ದಾಗ ಕಟ್ಟೆಯ ಮೇಲೆ ಕುಳಿತ ತಂದೆಯ ಕೈ ತಾನಾಗಿ ಮುಂದೆ ಚಾಚುವುದನ್ನು ನೀವು ಬಲ್ಲಿರಿ. ಗಾಲಿಗೂ, ಒಳಂಚು ಹೊರಂಚು ಎರಡೂ ಇರುವ ಬ್ಲೇಡಿಗೂ ಇರುವ ವ್ಯತ್ಯಾಸವನ್ನು ಆ ಕಟ್ಟೆಯಿಂದಲೇ ವಿವರಿಸಬಲ್ಲಿರಿ.

ನಾಲ್ಕು ಪುಟಗಳಿಗೆ ಇಳಿಸಿ, ಪದಕಗಳಲ್ಲಿ ಎರಡು ಒಲಿಂಪಿಕ್ ಚಿನ್ನಗಳನ್ನಷ್ಟೇ ಉಳಿಸಿ, ಮತ್ತೆ ಕಳುಹಿಸಿರಿ. ಬಂದ ದಿನವೇ ಓದಿ ಉತ್ತರ ಬರೆಯುತ್ತೇನೆ.